ಕಿವಿಯಿಂದ ಬರುವ ಭಯ

ವಿಡಿಯೋ ಆಟ ಆಡುತ್ತ ಬೆವರುವ ಮಕ್ಕಳನ್ನು ಕಂಡರೆ ನಾವು ಹಿರಿಯರು ಪರದೆಯ ಚಿತ್ರಗಳನ್ನೇ ದೂರುತ್ತೇವೆ. ಆದರೆ ಭಯವು ಕಣ್ಣಿಗಿಂತ ಮೊದಲು ಕಿವಿಯ ಮೂಲಕ ಒಳಹೊಗುವುದುಂಟು.

2008ರಲ್ಲಿ ಹೊರಬಂದ ‘ಡೆಡ್ ಸ್ಪೇಸ್’ ಎಂಬ ಆಟವನ್ನೇ ನೋಡೋಣ. ಅದಕ್ಕೆ ಸಂಗೀತವಿತ್ತವರು ಅಮೆರಿಕದ ಜೇಸನ್ ಗ್ರೇವ್ಸ್. ವಾದ್ಯವೃಂದದ ಕಲಾವಿದರಿಂದ ಅವರು ಇಂಪಾದ ಗೀತವನ್ನು ಬಯಸಲಿಲ್ಲ. ಸ್ವರಗಳನ್ನು ಜಾರಿಸುವ, ಒಬ್ಬೊಬ್ಬರು ಒಂದೊಂದು ಸ್ವರ ಹಿಡಿಯುವ ನಾದವನ್ನು ನುಡಿಸಿದರು. ಮುಂದೇನೆಂದು ಊಹಿಸಲಾರದ ಮನಸ್ಸು ತಲ್ಲಣಿಸುವುದು ಸಹಜವಷ್ಟೆ. ಪೋಲೆಂಡಿನ ಪೆಂಡೆರೆಟ್ಸ್ಕಿಯವರು 1960ರ ಸುಮಾರಿಗೇ 52 ತಂತಿವಾದ್ಯಗಳಿಗೆ ಇಂಥ ನಾದವನ್ನು ರಚಿಸಿದ್ದರು.

ಚಲನಚಿತ್ರದ ಸಂಗೀತಕ್ಕೆ ದೃಶ್ಯದ ಅವಧಿ ಮೊದಲೇ ಗೊತ್ತು. ಆಟಗಾರನು ಎಲ್ಲಿ ನಿಲ್ಲುವನೋ, ಎಂದು ಬಾಗಿಲು ತೆರೆಯುವನೋ ಬಲ್ಲವರಾರು? ಆದುದರಿಂದ ಮಂದದಿಂದ ಉಗ್ರದವರೆಗೆ ನಾಲ್ಕು ಪದರಗಳನ್ನು ಅಣಿಗೊಳಿಸಿ, ಅಪಾಯ ಸಮೀಪಿಸಿದಂತೆ ಒಂದೊಂದನ್ನು ಏರಿಸುವ ಕೆಲಸವನ್ನು ಯಂತ್ರಕ್ಕೆ ವಹಿಸಿದರು.

ಈ ಆಟ ವಯಸ್ಕರಿಗಾಗಿ ಮಾಡಿದ್ದು. ಎಳೆಯರ ಕೈಗೆ ಕೊಡತಕ್ಕದ್ದಲ್ಲ. ಆದರೆ ಇದೇ ತಂತ್ರ ಬೇರೆ ಆಟಗಳಲ್ಲೂ ಉಂಟು. ಹೆದರಿದ ಮಗುವನ್ನು ಗದರಿಸುವ ಮೊದಲು, ಧ್ವನಿಯನ್ನು ಅಡಗಿಸಿ ಅದೇ ದೃಶ್ಯವನ್ನು ಅದರೊಡನೆ ಕುಳಿತು ನೋಡೋಣ. ಭಯ ಕಟ್ಟುವ ಬಗೆಯನ್ನರಿತ ಮಗು ಭಯಕ್ಕೆ ಸುಲಭವಾಗಿ ವಶವಾಗದು.