ಕಸಿಕಡ್ಡಿಯಂತೆ ತಿಳಿವಳಿಕೆಯೂ ಹಂಚಿಹೋಗಲಿ

ಒಳ್ಳೆ ಮಾವಿನ ಕಸಿಕಡ್ಡಿ ಕೇಳಿದವರಿಗೆ ನಾವು ಇಲ್ಲ ಅನ್ನೋದಿಲ್ಲ. ಕೊಟ್ಟರೆ ಮರವೇನೂ ಬಡವಾಗದು. ಕಂಪ್ಯೂಟರಿನವರಲ್ಲೂ ಈ ಬುದ್ಧಿಯವರಿದ್ದಾರೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನು ಬರೆದ ಲಿನಕ್ಸ್ ತಂತ್ರಾಂಶವನ್ನು 1991ರಲ್ಲಿ ಬಿಟ್ಟಿಯಾಗಿ ಹಂಚಿದರು. ಅದಕ್ಕೊಂದು ಕರಾರೂ ಇದೆ: ತಿದ್ದಿ ಹಂಚುವವರು ತಿದ್ದಿದ್ದನ್ನೂ ಎಲ್ಲರಿಗೂ ತೆರೆದಿಡಬೇಕು. ನಮ್ಮ ಆಂಡ್ರಾಯ್ಡ್ ಮೊಬೈಲಿನ ತಿರುಳು ಇದೇ ಲಿನಕ್ಸ್.

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವೂ ಹೀಗೇ. ಯಾರು ಬೇಕಾದರೂ ಓದಬಹುದು, ಬರೆಯಬಹುದು. ಆದರೆ ಅಲ್ಲಿ ಪ್ರಕಟವಾದ ಆಧಾರ ಕೇಳುತ್ತಾರೆ. ತೋಟದ ಬದಿಯಲ್ಲಿ ಆಡಿದ ಮಾತು ಸಾಲದು. ಹಾಗಾಗಿ ಯಾವ ಗೊಬ್ಬರ, ಎಷ್ಟು ಹಾಕಿದಿರಿ, ಫಲ ಏನು ಅನ್ನೋದನ್ನು ಲೆಕ್ಕ ಸಮೇತ ಬರೆದು ಪತ್ರಿಕೆಗೆ ಕಳಿಸಿ. ಬರೆದಿಡದ ಅನುಭವ ನಮ್ಮೊಂದಿಗೇ ಮಣ್ಣಾಗುತ್ತದೆ. ಬರೀ ಪಡೆಯುತ್ತಲೇ ಇದ್ದರೆ, ನಾವು ಕೊಡೋದು ಯಾವಾಗ?