ಮಲಗಿಸಿ ನೋಡಿ, ಕೂಡಿಸಿಯೂ ನೋಡಿ

ದಮ್ಮು ಹತ್ತುತ್ತದೆ ಎಂದು ಬಂದವರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ಮಲಗಿದರೆ ಹೆಚ್ಚೋ, ಎದ್ದು ಕೂತರೆ ಹೆಚ್ಚೋ?’

ಮಲಗಿದರೆ ಉಸಿರು ಕಟ್ಟುತ್ತದೆ, ಎರಡು-ಮೂರು ದಿಂಬು ಇಟ್ಟರೇ ನಿದ್ದೆ ಎನ್ನುವವರ ಹೃದಯ ಸೋತಿರಬಹುದು ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಇದಕ್ಕೆ ತದ್ವಿರುದ್ಧವಾದ ತೊಂದರೆ ಅಪರೂಪ: ಮಲಗಿದರೆ ಆರಾಮ, ಕೂತರೆ ಏದುಸಿರು. ಇದನ್ನು ವೈದ್ಯರು ಪ್ಲಾಟಿಪ್ನಿಯಾ ಎನ್ನುತ್ತಾರೆ.

ಇದರ ಒಂದು ಕಾರಣ ಹೀಗಿದೆ: ಗರ್ಭದಲ್ಲಿರುವಾಗ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಕಿಂಡಿಯೊಂದಿರುತ್ತದೆ. ಹುಟ್ಟಿದ ಮೇಲೆ ಮುಚ್ಚಬೇಕಾದ ಅದು ಸುಮಾರು ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ. ಬಹುತೇಕರಿಗೆ ಅದರಿಂದ ಏನೂ ಆಗದು. ವಯಸ್ಸಾಗಿ ಬೆನ್ನು ಗೂನಾಗಿಯೋ, ಮಹಾಪಧಮನಿ ಹಿಗ್ಗಿಯೋ ಹೃದಯದ ನಿಲುವು ಬದಲಾದರೆ ಮಾತ್ರ ಕೆಲವರಲ್ಲಿ, ಕೂತಾಗ ಅಶುದ್ಧ ರಕ್ತ ಶ್ವಾಸಕೋಶಕ್ಕೆ ಹೋಗದೆ ಆ ಕಿಂಡಿಯಿಂದ ಎಡಕ್ಕೆ ನುಗ್ಗುತ್ತದೆ.

ಇದರ ಪತ್ತೆಗೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಬೇಕು. ಸಲೈನನ್ನು ಎರಡು ಸಿರಿಂಜುಗಳ ನಡುವೆ ಹಿಂದೆ-ಮುಂದೆ ತಳ್ಳಿ, ಗುಳ್ಳೆ ಎಬ್ಬಿಸಿ, ಕೈಯ ರಕ್ತನಾಳಕ್ಕೆ ಕೊಡುತ್ತಾರೆ. ಗುಳ್ಳೆಗಳು ಬಲಗಡೆ ಕಂಡ ಮೂರು ಬಡಿತದೊಳಗೆ ಎಡಗಡೆ ಬಂದರೆ ಅನುಮಾನ ಕಿಂಡಿಯ ಮೇಲೆ. ತಡವಾಗಿ ಬಂದರೆ ಶ್ವಾಸಕೋಶದ ಮೇಲೆ. ಕಿಂಡಿಯೇ ಕಾರಣವಾದರೆ ತೊಡೆಯ ರಕ್ತನಾಳದ ಮೂಲಕ ಪುಟ್ಟ ಸಾಧನ ಕಳಿಸಿ ಮುಚ್ಚಬಹುದು, ಎದೆ ಸೀಳಬೇಕಿಲ್ಲ.

ತೊಡಕಿರುವುದು ಇಲ್ಲಿ: ಎಕೋ ಮಾಡುವುದು ಸಾಮಾನ್ಯವಾಗಿ ಮಲಗಿಸಿ. ಜೊಯಿಡಾದ ಕಾಡಿನ ಹಳ್ಳಿಯಿಂದ ದಾಂಡೇಲಿ, ಹಳಿಯಾಳ ದಾಟಿ ಧಾರವಾಡಕ್ಕೋ, ಮುಂಡಗೋಡದಿಂದ ಹುಬ್ಬಳ್ಳಿಗೋ ಬಸ್ಸಿನಲ್ಲಿ ಕೂತು ಬಂದ ಅಜ್ಜಿಗೆ ದಾರಿಯುದ್ದಕ್ಕೂ ಜೀವ ಹೋದಂತಾಗಿರುತ್ತದೆ. ಪರೀಕ್ಷೆಯ ಮಂಚದ ಮೇಲೆ ಎಲ್ಲವೂ ಸರಿ! ‘ಏನೂ ಇಲ್ಲಜ್ಜಿ, ಹೆದರಬೇಡಿ’ ಎಂಬ ಮಾತು ಕೇಳಿ ಮತ್ತೆ ಅದೇ ಬಸ್ಸು.

ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜೋರಾಗಿಯೇ ಎದ್ದಿತ್ತು. ಆ ಬೇಡಿಕೆ ನ್ಯಾಯವಾದದ್ದೇ. ಹೃದಯಾಘಾತವನ್ನು ಬೇಗ ಗುರುತಿಸಲು ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳನ್ನು ದೊಡ್ಡ ಆಸ್ಪತ್ರೆಗಳ ತಜ್ಞರೊಂದಿಗೆ ಜೋಡಿಸಿತು. ಅದೇ ದಾರಿಯಲ್ಲಿ, ಎಕೋ ಯಂತ್ರದೊಂದಿಗೆ ಹೃದ್ರೋಗ ತಜ್ಞರು ತಿಂಗಳಿಗೊಮ್ಮೆಯಾದರೂ ಜೊಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ಈ ನಾಲ್ಕೂ ತಾಲ್ಲೂಕುಗಳಿಗೆ ಬರಲಿ.

ಅಲ್ಲಿಯವರೆಗೆ, ಕೋವಿಡ್ ಕಾಲದಲ್ಲಿ ಊರೂರಿಗೆ ಬಂದ ಆಕ್ಸಿಮೀಟರ್ ಸಾಕು. ಮಲಗಿಸಿ ಒಮ್ಮೆ, ಕೂಡಿಸಿ ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ. ಕೂತಾಗ ರಕ್ತದ ಆಮ್ಲಜನಕ ಐದು ಅಂಕ ಇಳಿದರೆ ಅದನ್ನು ಅಲಕ್ಷಿಸುವಂತಿಲ್ಲ. ವೈದ್ಯರೇ, ದಾದಿಯರೇ, ಚೀಟಿಯಲ್ಲಿ ಎರಡೂ ಅಂಕಿ ಬರೆದು, ‘ಕೂಡಿಸಿ ಎಕೋ ಮಾಡಿ’ ಎಂಬ ಒಂದು ಸಾಲು ಸೇರಿಸಿ ಕಳಿಸಿ.