ಗೃಹವ್ಯವಹಾರ: ಹಳೆಯ ಕಾರನ್ನು ಮಾರುವ ಗೃಹಸ್ಥರಿಗೆ

ಮಾರಿದ ಹಸುವು ಹಗ್ಗ ಕಿತ್ತುಕೊಂಡು ಹಳೆಯ ಹಟ್ಟಿಗೆ ತಿರುಗಿ ಬರುವುದನ್ನು ನಮ್ಮ ಹಳ್ಳಿಗಳಲ್ಲಿ ಕಾಣದವರಿಲ್ಲ. ಮಾರಿದ ಕಾರು ಹಾಗೆ ತಾನಾಗಿ ತಿರುಗಿ ಬರಲಾರದು. ಆದರೆ ಅದರಿಂದಾದ ಅನರ್ಥವು ಮಾತ್ರ ಹಳೆಯ ಒಡೆಯನ ಮನೆಯನ್ನು ಹುಡುಕಿಕೊಂಡು ಬರುವುದುಂಟು. ಹಸುವನ್ನಾದರೆ ಮತ್ತೆ ಅಟ್ಟಬಹುದು. ನ್ಯಾಯಾಲಯದ ನೋಟೀಸನ್ನು ಅಟ್ಟುವುದು ಹೇಗೆ?

ಕೊಕ್ಕಡದಂತಹ ಊರುಗಳಲ್ಲಿ ಮನೆಯೊಂದು ತೋಟದ ನಡುವೆ, ರಸ್ತೆಯೊಂದು ಗುಡ್ಡದಾಚೆ. ನೆಲ್ಯಾಡಿಗಾಗಲಿ, ಧರ್ಮಸ್ಥಳಕ್ಕಾಗಲಿ, ಬೆಳ್ತಂಗಡಿಗಾಗಲಿ ಹೋಗಬೇಕಾದವರಿಗೆ ಈಗ ಕಾರೆಂಬುದು ವಿಲಾಸದ ವಸ್ತುವಲ್ಲ. ಹೊಸದು ಬಂದಾಗ ಹಳೆಯದನ್ನು ಸಾಮಾನ್ಯವಾಗಿ ಪರಿಚಯದವರಿಗೇ ಕೊಡುವುದು ವಾಡಿಕೆ. ಹಣ ಕೈಗೆ ಬರುತ್ತದೆ, ಬೀಗದಕೈ ಆ ಕೈಗೆ ಹೋಗುತ್ತದೆ. "ಕಾಗದಪತ್ರಗಳನ್ನು ನಿಧಾನವಾಗಿ ನೋಡಿಕೊಳ್ಳೋಣ" ಎಂಬ ಮಾತಿನೊಂದಿಗೆ ವ್ಯವಹಾರವು ಮುಗಿಯಿತೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಅರ್ಧ ಮಾತ್ರ ಮುಗಿದಿರುತ್ತದೆ.

ವಿಕ್ರಯವೆಂಬುದಕ್ಕೆ ಎರಡು ಅಂಗಗಳು: ಕೊಡುವವನ ಸ್ವತ್ವವು ನಿವೃತ್ತವಾಗಬೇಕು, ಕೊಳ್ಳುವವನ ಸ್ವತ್ವವು ಉತ್ಪನ್ನವಾಗಬೇಕು. 1930ರ ಸರಕು ಮಾರಾಟದ ಕಾಯಿದೆಯ ಪ್ರಕಾರ ಉಭಯರ ಉದ್ದೇಶವಿದ್ದ ಕ್ಷಣದಲ್ಲಿಯೇ ಸ್ವತ್ವವು ದಾಟುವುದು ನಿಜ. ಆದರೆ ಅದು ಇಬ್ಬರ ನಡುವಣ ಮಾತು. ಮೂರನೆಯವನಿಗೆ ಹಾನಿಯಾದಾಗ ನೋಡತಕ್ಕದ್ದು 1988ರ ಮೋಟಾರು ವಾಹನಗಳ ಕಾಯಿದೆಯನ್ನು. ಅದರ 2ನೆಯ ಪ್ರಕರಣದಲ್ಲಿ, ಯಾರ ಹೆಸರಿನಲ್ಲಿ ವಾಹನವು ನೋಂದಣಿಯಾಗಿರುವುದೋ ಅವನೇ ಒಡೆಯನೆಂದು ಲಕ್ಷಣ ಹೇಳಿದೆ. ಇದಕ್ಕೆ ಹಿಂದಿನ 1939ರ ಕಾಯಿದೆಯು ಒಡೆತನವನ್ನು ಹೀಗೆ ನೋಂದಣಿಗೆ ಕಟ್ಟಿಹಾಕಿರಲಿಲ್ಲ. ಈ ಭೇದವನ್ನು ಅರಿಯದೆ ತೊಂದರೆಗೀಡಾದವರು ಹಲವರು.

ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 6ರಂದು ಕೊಟ್ಟ ತೀರ್ಪೊಂದನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರುವುದು ಒಳ್ಳೆಯದು. ಒಬ್ಬನು 2007ರಲ್ಲಿ ತನ್ನ ಕಾರನ್ನು ಮಾರಿದೆನೆಂದನು. ಕೊಂಡವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ, ಹೀಗೆ ಕಾರು ಹಲವು ಕೈ ದಾಟಿತು. 2009ರ ಮೇ ತಿಂಗಳಲ್ಲಿ ಆ ಕಾರು ಹಿಂದಕ್ಕೆ ಚಲಿಸುವಾಗ ಒಬ್ಬ ಹೆಂಗಸಿಗೆ ತಾಗಿತು. ಜೊತೆಯಲ್ಲಿದ್ದ ಬಾಲಕನು ಮೃತನಾದನು. ನೋಂದಣಿ ಪುಸ್ತಕದಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿದಿತ್ತು. ಮಗುವನ್ನು ಕಳೆದುಕೊಂಡವರು ಕಾರು ಯಾರ ಯಾರ ಕೈ ದಾಟಿತೆಂದು ಹುಡುಕುತ್ತ ಅಲೆಯಬೇಕಾಗಿಲ್ಲ. ಪರಿಹಾರದ ಹೊಣೆಯು ನೋಂದಾಯಿತ ಒಡೆಯನದೇ ಎಂದು ನ್ಯಾಯಾಲಯವು ನಿರ್ಣಯಿಸಿತು. ಮಾರಿದವನಿಗೆ ಇದು ಕಠಿನವೆಂದು ತೋರಬಹುದು. ಮಗುವಿನ ತಾಯಿಯ ಪಕ್ಷದಲ್ಲಿ ನಿಂತು ನೋಡಿದರೆ ನ್ಯಾಯವೆಂದೇ ತೋರುವುದು.

ನಮ್ಮ ಹಿಂದಿನವರೂ ವಿಕ್ರಯದ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಮನುಸ್ಮೃತಿಯ ಹದಿನೆಂಟು ವ್ಯವಹಾರಪದಗಳಲ್ಲಿ ಅಸ್ವಾಮಿವಿಕ್ರಯ, ಕ್ರಯವಿಕ್ರಯಾನುಶಯ ಎಂಬೆರಡು ಸೇರಿವೆ. ಒಡೆಯನಲ್ಲದವನು ಮಾರುವುದೊಂದು, ಕೊಂಡ ಮೇಲೆ ಅಥವಾ ಕೊಟ್ಟ ಮೇಲೆ ಮನಸ್ಸು ತಿರುಗುವುದೊಂದು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಕೊಂಡವನು ಪರೀಕ್ಷಿಸುವುದಕ್ಕೆ ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಕರೆಯುವ ಹಸುವಿಗೆ 3 ದಿನ, ಹೊರೆ ಹೊರುವ ಪಶುವಿಗೆ 5 ದಿನ ಎಂದು ಅವಧಿ ಹೇಳಿದೆ. ಮಾತಿಗೆ ಗಡುವಿರಬೇಕೆಂಬುದು ಇದರ ತಾತ್ಪರ್ಯ. ಈಗಿನ ಕಾಯಿದೆಯ ಗಡುವುಗಳನ್ನೂ ಹಾಗೆಯೇ ಮನಸ್ಸಿನಲ್ಲಿಡತಕ್ಕದ್ದು.

ಮೊದಲನೆಯದಾಗಿ, ಮಾರುವುದಕ್ಕೆ ತನಗೆ ಅಧಿಕಾರವುಂಟೇ ಎಂದು ನೋಡಿಕೊಳ್ಳಬೇಕು. ತೀರಿಹೋದ ತಂದೆಯ ಹೆಸರಿನಲ್ಲಿಯೇ ಇರುವ ಕಾರನ್ನು ಮಗನು ಹಾಗೆಯೇ ಮಾರತಕ್ಕದ್ದಲ್ಲ. ಮರಣದಿಂದ 30 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ, 3 ತಿಂಗಳೊಳಗೆ 31ನೆಯ ನಂಬ್ರದ ಫಾರಂ ಮೂಲಕ ಹೆಸರು ಬದಲಾಯಿಸಿಕೊಳ್ಳಬೇಕು. ಬೇಂಕಿನ ಸಾಲವಿದ್ದರೆ ಅದನ್ನು ತೀರಿಸಿ, 35ನೆಯ ಫಾರಂನಿಂದ ಬೇಂಕಿನ ಹಕ್ಕನ್ನು ತೆಗೆಸಬೇಕು. ಖಾಸಗಿ ಕಾರಿನ ನೋಂದಣಿಯು 15 ವರ್ಷಕ್ಕೆ ಮುಗಿಯುವುದರಿಂದ ಅದು ಊರ್ಜಿತವಾಗಿದೆಯೇ ಎಂಬುದನ್ನೂ ನೋಡಬೇಕು. ಬಾಕಿ ದಂಡಗಳಿದ್ದರೆ ತೀರಿಸಿಬಿಡಬೇಕು.

ಎರಡನೆಯದಾಗಿ, ಓಡಿಸಿ ನೋಡುತ್ತೇನೆಂದು ಬಂದವನಲ್ಲಿ ಲೈಸೆನ್ಸು ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿರಿ. ಲೈಸೆನ್ಸಿಲ್ಲದವನಿಗೆ ಗಾಡಿ ಕೊಟ್ಟ ಒಡೆಯನೂ ಕಾಯಿದೆಯಂತೆ ಶಿಕ್ಷೆಗೆ ಗುರಿಯಾಗುವನು.

ಮೂರನೆಯದಾಗಿ, ದೋಷಗಳನ್ನು ಮರೆಮಾಚಬಾರದು. ಕೊಳ್ಳುವವನೇ ಪರೀಕ್ಷಿಸಿ ಕೊಳ್ಳಬೇಕೆಂಬುದು ಸಾಮಾನ್ಯ ನಿಯಮವಾದರೂ, ಮೀಟರನ್ನು ಹಿಂದಕ್ಕೆ ತಿರುಗಿಸುವುದೇ ಮೊದಲಾದ ಕಪಟವು 1872ರ ಕರಾರು ಕಾಯಿದೆಯಂತೆ ವಂಚನೆಯಾಗಿ, ಮಾರಾಟವನ್ನೇ ರದ್ದುಪಡಿಸಲು ಕಾರಣವಾದೀತು. ಗೇರು ಜಾರುವುದು, ಹಿಂದೊಮ್ಮೆ ಅಪಘಾತವಾದದ್ದು, ಇಂಥವನ್ನು ಮಾರಾಟಪತ್ರದಲ್ಲಿ ಬರೆದು ಕೊಳ್ಳುವವನ ಸಹಿ ಪಡೆದರೆ ಮಾರುವವನಿಗೇ ರಕ್ಷಣೆ. ಸತ್ಯವು ಇಲ್ಲಿ ಧರ್ಮವೂ ಹೌದು, ಜಾಣತನವೂ ಹೌದು.

ನಾಲ್ಕನೆಯದಾಗಿ, ಮಾರಾಟಪತ್ರವು ಎರಡು ಪ್ರತಿಗಳಲ್ಲಿರಲಿ. ಇಬ್ಬರ ಹೆಸರು, ವಿಳಾಸ, ಕಾರಿನ ನೋಂದಣಿ ಸಂಖ್ಯೆ, ಇಂಜಿನು ಮತ್ತು ಚಾಸಿಯ ಸಂಖ್ಯೆಗಳು, ಬೆಲೆ, ಓಡಿದ ಕಿಲೋಮೀಟರು, ಇಬ್ಬರು ಸಾಕ್ಷಿಗಳು, ಇವು ಅಗತ್ಯ. ಗಾಡಿಯನ್ನು ಒಪ್ಪಿಸಿದ ತಾರೀಕಿನೊಡನೆ ಗಂಟೆಯನ್ನೂ ಬರೆಯಿರಿ. ಅಪಘಾತವು ಬೆಳಗ್ಗೆಯೋ ಸಂಜೆಯೋ ಎಂಬುದರ ಮೇಲೆ ವಾದವು ನಿಲ್ಲಬಹುದು. ಕೊಳ್ಳುವವನ ಗುರುತಿನ ಚೀಟಿಯ ಪ್ರತಿಯನ್ನು ಇಟ್ಟುಕೊಳ್ಳಿರಿ. ಹಣವು ಬೇಂಕಿನ ಮೂಲಕ ಬರಲಿ. ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟು ನಗದಾಗಿ ಪಡೆಯುವುದನ್ನು 2017ರಿಂದ ಆದಾಯ ತೆರಿಗೆಯ ಕಾನೂನು ನಿಷೇಧಿಸಿದೆ. ಪಡೆದವನಿಗೆ ಅಷ್ಟೇ ಮೊತ್ತದ ದಂಡ.

ಐದನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಕಾಯಿದೆಯ 50ನೆಯ ಪ್ರಕರಣದಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ 29ನೆಯ ಫಾರಂನಲ್ಲಿ ತಾನೇ ನೋಂದಣಿ ಅಧಿಕಾರಿಗೆ ವರದಿಮಾಡಿ, ಅದರ ಪ್ರತಿಯನ್ನು ಕೊಂಡವನಿಗೆ ಕಳುಹಿಸಬೇಕು. ಕೊಂಡವನು 30 ದಿನಗಳೊಳಗೆ ವರದಿಮಾಡಬೇಕು. ಅದಕ್ಕೆ 30ನೆಯ ಫಾರಂ. ಗಾಡಿಯು ಬಂಟ್ವಾಳದ ಕೆಎ 70 ಆಗಲಿ, ಪುತ್ತೂರಿನ ಕೆಎ 21 ಆಗಲಿ, ಮಂಗಳೂರಿನ ಕೆಎ 19 ಆಗಲಿ, ನಿಯಮವೊಂದೇ. ಕಾಸರಗೋಡಿನವರು ಕೊಂಡರೆ ಅದು ಬೇರೆ ರಾಜ್ಯವಾದ್ದರಿಂದ, ಮೊದಲು 28ನೆಯ ಫಾರಂನಲ್ಲಿ ನಿರಾಕ್ಷೇಪಣಾ ಪತ್ರವನ್ನು ಕೇಳಿಕೊಳ್ಳಬೇಕು. ಅಲ್ಲಿ ಅವಧಿಯು 45 ದಿನ. ಸಾಧ್ಯವಿದ್ದರೆ ಇಬ್ಬರೂ ಒಟ್ಟಿಗೆ ಕಚೇರಿಗೆ ಹೋಗಿ ಸ್ವೀಕೃತಿಯ ರಶೀದಿಯನ್ನು ಪಡೆಯುವುದು ಉತ್ತಮ. ಅಂಚೆಯಲ್ಲಿ ಕಳುಹಿಸಿದರೆ ಸ್ಪೀಡ್ ಪೋಸ್ಟಿನ ರಶೀದಿಯನ್ನು ಜೋಪಾನಮಾಡಿರಿ.

ದಲ್ಲಾಳಿಯ ಕೈಗೆ ಖಾಲಿ ಫಾರಂಗಳಲ್ಲಿ ಸಹಿ ಹಾಕಿ ಕೊಡುವ ಪದ್ಧತಿಯನ್ನು ಸರ್ವಥಾ ಬಿಡಬೇಕು. ಖಾಲಿ ಫಾರಂನ ಗಾಡಿಯು ಮೂರು ಕೈ ದಾಟಿದರೂ ಹೆಸರು ನಿಮ್ಮದೇ. ಅಧಿಕೃತ ವ್ಯಾಪಾರಿಗಳಿಗೆ ಒಪ್ಪಿಸುವಾಗ, 2022ರಲ್ಲಿ ಸೇರಿಸಿದ ನಿಯಮಗಳಂತೆ ಬೇರೆಯೇ ಫಾರಂ ಇದೆ; ವ್ಯಾಪಾರಿಯು ಅದನ್ನು ಸಲ್ಲಿಸಿದ್ದಕ್ಕೆ ಗುರುತನ್ನು ಕೇಳಿ ಪಡೆಯಿರಿ.

ವಿಮೆಯ ವಿಷಯದಲ್ಲೊಂದು ಎಚ್ಚರಿಕೆ. ಗಾಡಿ ಹೋಯಿತಲ್ಲ ಎಂದು ಹೆಸರು ಬದಲಾಗುವ ಮುನ್ನವೇ ವಿಮೆಯನ್ನು ರದ್ದುಮಾಡಬಾರದು. 157ನೆಯ ಪ್ರಕರಣದಂತೆ ಮೂರನೆಯವರ ಬಗೆಗಿನ ವಿಮೆಯು ಗಾಡಿಯೊಂದಿಗೇ ಕೊಂಡವನಿಗೆ ದಾಟುವುದು. ಅವನು 14 ದಿನಗಳೊಳಗೆ ಕಂಪೆನಿಗೆ ಅರ್ಜಿ ಕೊಡಬೇಕು. ವಿಮೆಯಿಲ್ಲದ ಗಾಡಿಯಿಂದ ಅಪಘಾತವಾದರೆ ಪೂರ್ತಿ ಭಾರವು ನೋಂದಾಯಿತ ಒಡೆಯನ ಮನೆ, ತೋಟಗಳ ಮೇಲೆಯೇ ಬೀಳುವುದು. ಹೆಸರು ಬದಲಾದ ಮೇಲೆ ನಿಮ್ಮ ಕ್ಲೇಮುರಹಿತ ವರ್ಷಗಳ ರಿಯಾಯಿತಿಗೆ ಪತ್ರವನ್ನು ಕೇಳಿ ಪಡೆಯಿರಿ. ಅದು ಗಾಡಿಗೆ ಸೇರಿದ್ದಲ್ಲ, ನಿಮಗೆ ಸೇರಿದ್ದು. ಗಾಜಿಗೆ ಅಂಟಿಸಿದ ಫಾಸ್ಟ್‌ಟ್ಯಾಗನ್ನು ಗಾಡಿ ಒಪ್ಪಿಸುವ ದಿನವೇ ಮುಚ್ಚಿಸಿರಿ. ಇಲ್ಲವಾದರೆ ಪರರ ಪ್ರಯಾಣದ ಸುಂಕವು ನಿಮ್ಮ ಖಾತೆಯಿಂದ ಹೋಗುವುದು.

"ನೆಂಟರಿಷ್ಟರಲ್ಲಿ ಇಷ್ಟೆಲ್ಲ ಕಾಗದ ಕೇಳಿದರೆ ಅಪನಂಬಿಕೆಯಾಗದೇ?" ಎಂದು ಕೆಲವರು ಸಂಕೋಚಪಡುವರು. ಆದರೆ ಭಾವನೆಂಟನೇ ಕೊಂಡರೂ, ಅವನಿಂದ ಕೊಳ್ಳುವ ಮುಂದಿನವನು ನಿಮಗೆ ಅಪರಿಚಿತನು. ಸ್ನೇಹವು ಗಾಡಿಯೊಂದಿಗೆ ಕೈ ದಾಟುವುದಿಲ್ಲ. ಹೆಸರು ಮಾತ್ರ ಪುಸ್ತಕದಲ್ಲಿ ನಿಲ್ಲುತ್ತದೆ. ಕಾಗದವು ಸರಿಯಿದ್ದಲ್ಲಿ ಸ್ನೇಹವೂ ಬಹುಕಾಲ ಬಾಳುವುದು.

ಹಿಂದೆಯೇ ಮಾರಿ ಸುಮ್ಮನಿರುವವರು ಇಂದೇ ಪರಿವಾಹನ್ ಜಾಲತಾಣದಲ್ಲಿ ಹಳೆಯ ಗಾಡಿಯ ಸಂಖ್ಯೆಯನ್ನು ಹಾಕಿ ನೋಡಲಿ; ತಿಳಿಯದಿದ್ದರೆ ಮನೆಯ ಮಕ್ಕಳನ್ನು ಕೇಳಲಿ. ಹೆಸರು ಬದಲಾಗಿರದಿದ್ದರೆ ಕೊಂಡವನನ್ನು ಕಂಡು ಮಾತನಾಡಿ, ತಡವಾದರೂ 29ನೆಯ ಫಾರಂ ಸಲ್ಲಿಸಬೇಕು. ತಡವಾದುದಕ್ಕೆ ದಂಡ ಕೊಡಬೇಕಾಗಿ ಬಂದರೂ, ಬರಬಹುದಾದ ಹೊಣೆಯ ಮುಂದೆ ಅದು ಅಲ್ಪವೇ ಸರಿ. ಹೊಸ ಕಾರಿನ ಬೀಗದಕೈಯನ್ನು ದೇವರ ಮುಂದಿಟ್ಟು ಪೂಜಿಸುವ ಗೃಹಸ್ಥರು, ಹಳೆಯದನ್ನು ಬೀಳ್ಕೊಡುವಾಗಲೂ ಅಷ್ಟೇ ಶ್ರದ್ಧೆಯಿಂದಿರಲಿ ಎಂದು ಹಾರೈಸುತ್ತೇನೆ.